ಲುಕ್ಕಾ ಊರಿಗೆ ಮಕ್ಕಳೊಂದಿಗೆ: ಕೋಟೆಗೋಡೆಯಿಂದ ಶುರುಮಾಡಿ

ಇಟಲಿಯ ಟಸ್ಕನಿ ಪ್ರಾಂತ್ಯದ ಲುಕ್ಕಾ ಊರಿನ ಸುತ್ತ ಇಂದಿಗೂ ಇಡಿಯಾಗಿ ನಿಂತಿರುವ ಕೋಟೆಗೋಡೆಯ ಸುತ್ತಳತೆ 4.2 ಕಿಲೋಮೀಟರು. ಎತ್ತರ ಸುಮಾರು 12 ಮೀಟರು, ಬುಡದಲ್ಲಿ ಅಗಲ ಸುಮಾರು 30 ಮೀಟರು. ಗೋಡೆಯ ನೆತ್ತಿಯ ಮೇಲೆ ಸಾಲುಮರಗಳ ನಡುವೆ ಅಗಲವಾದ ದಾರಿಯಿದೆ. ಅಲ್ಲಿ ಕಾರಿಲ್ಲ, ಸ್ಕೂಟರಿಲ್ಲ. ಇರುವುದು ನಡೆಯುವವರು, ಓಡುವವರು, ಸೈಕಲ್ಲಿನವರು ಮಾತ್ರ. ಫ್ಲಾರೆನ್ಸಿನಲ್ಲೋ ರೋಮಿನಲ್ಲೋ ಮಕ್ಕಳ ಕೈ ಬಿಡಲು ಹೆದರುವ ತಂದೆತಾಯಿಗೆ ಇಲ್ಲಿ ಸ್ವಲ್ಪ ಉಸಿರು ಬಿಡಲು ಆಗುತ್ತದೆ.

ಲುಕ್ಕಾಗೆ ಬಂದ ಹೆಚ್ಚಿನ ಕುಟುಂಬಗಳು ಬೆಳಿಗ್ಗೆಯೆಲ್ಲ ಚರ್ಚು, ಮ್ಯೂಸಿಯಂ ಸುತ್ತಿ, ಮಕ್ಕಳು ಅಳಲು ಶುರುಮಾಡಿದ ಮೇಲೆ ಗೋಡೆ ಹತ್ತುತ್ತವೆ. ಅದನ್ನು ತಿರುವುಮುರುವು ಮಾಡಬೇಕು. ಮೊದಲು ಗೋಡೆ. ಅಲ್ಲಿಂದ ಊರೊಳಗೆ ಇಳಿದು ಒಂದು ಜಾಗ ನೋಡಿ, ಮತ್ತೆ ಗೋಡೆಗೇ ಹತ್ತಿ. ಊರಿನ ಯಾವ ಮೂಲೆಯಲ್ಲಿದ್ದರೂ ಗೋಡೆ ಹತ್ತು ಹದಿನೈದು ನಿಮಿಷದ ನಡಿಗೆಯಷ್ಟೇ ದೂರ. ಈ ಮಾರ್ಗದರ್ಶಿಯ ಹೆಜ್ಜೆಗಳೆಲ್ಲ ಹೊಂದಿಕೊಂಡಿರುವುದು ಈ ಒಂದು ಕ್ರಮಕ್ಕೆ.

ಯಾವಾಗ ಹೋಗಬೇಕು, ಎಷ್ಟು ದಿನ

ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರಗಳವರೆಗೆ, ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಬರುವುದರಿಂದ ಭಾರತದಿಂದ ಹೋಗುವವರಿಗೆ ಇದು ತಾನಾಗಿಯೇ ಹೊಂದುತ್ತದೆ. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ಮುಟ್ಟಬಹುದು. ಆಗ ಹಗಲಿನ ಹೊರಾಂಗಣದ ಕೆಲಸವನ್ನೆಲ್ಲ ಬೆಳಿಗ್ಗೆ 11ರೊಳಗೆ ಮುಗಿಸಿ, ಉಳಿದದ್ದನ್ನು ಸಂಜೆ 6ರ ನಂತರಕ್ಕೆ ಇಟ್ಟುಕೊಳ್ಳಬೇಕು. ನವೆಂಬರಿನಲ್ಲಿ ಮಳೆ ಜಾಸ್ತಿ.

ಎರಡು ಸಂದರ್ಭಗಳನ್ನು ತಾರೀಖು ನೋಡಿಯೇ ನಿರ್ಧರಿಸಿ. ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ ನಡೆಯುವ ಲುಕ್ಕಾ ಕಾಮಿಕ್ಸ್ ಹಬ್ಬಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಕಾಮಿಕ್ಸ್ ಹುಚ್ಚಿರುವ ಹದಿಹರೆಯದವರಿಗೆ ಅದು ಸ್ವರ್ಗ. ತಳ್ಳುಗಾಡಿಯ ಮಗುವಿರುವವರು ಆ ದಿನಗಳಲ್ಲಿ ಊರ ಕಡೆ ಹೋಗಲೇಬಾರದು. ಇನ್ನೊಂದು, ಸೆಪ್ಟೆಂಬರ್ 13ರ ಸಂಜೆ. ಅಂದು ಬೀದಿಬೀದಿಯ ಮನೆಗಳ ಮುಂಭಾಗದಲ್ಲಿ ದೀಪ ಹಚ್ಚಿ, ಸಾನ್ ಫ್ರೆದಿಯಾನೊ ಚರ್ಚಿನಿಂದ ಸಾನ್ ಮಾರ್ತೀನೊ ಕೆಥೆಡ್ರಲ್‌ವರೆಗೆ ಮೆರವಣಿಗೆ ಹೋಗುತ್ತದೆ. ದೀಪಾವಳಿ ಕಂಡ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಆ ರಾತ್ರಿಗೆ ಊರೊಳಗೆ ತಂಗಬೇಕಿದ್ದರೆ ಕೋಣೆಯನ್ನು ತಿಂಗಳುಗಳ ಮುಂಚೆ ಕಾಯ್ದಿರಿಸಿ.

ಎರಡು ರಾತ್ರಿ ತಂಗುವುದು ಸರಿಯಾದ ಅಳತೆ. ಫ್ಲಾರೆನ್ಸಿನಿಂದ ಒಂದೇ ದಿನಕ್ಕೆ ಬಂದುಹೋಗುವವರು ಸೈಕಲ್ಲು, ಒಂದು ಗೋಪುರ, ಕೆಥೆಡ್ರಲ್‌ನ ಚಕ್ರವ್ಯೂಹ ಈ ಮೂರಕ್ಕೆ ನಿಲ್ಲಿಸಲಿ. ನಾಲ್ಕನೆಯದನ್ನು ಸೇರಿಸಿದರೆ ಸಂಜೆಯ ರೈಲಿನಲ್ಲಿ ಅದರ ಫಲ ಗೊತ್ತಾಗುತ್ತದೆ.

ತಲುಪುವುದು

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಪೀಸಾದಿಂದ ಸುಮಾರು ಅರ್ಧ ಗಂಟೆ. ಈ ರೈಲುಗಳಲ್ಲಿ 4 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, 12 ತುಂಬದವರಿಗೆ ಅರ್ಧ ದರ. ವಯಸ್ಸಿನ ಸಾಕ್ಷಿಗೆ ಪಾಸ್‌ಪೋರ್ಟಿನ ಪ್ರತಿ ಕೈಯಲ್ಲಿರಲಿ.

ನಮ್ಮವರು ಹೆಚ್ಚಾಗಿ ದಂಡ ಕಟ್ಟುವುದು ಇಲ್ಲಿ. ಕಾಗದದ ಟಿಕೆಟ್ ಕೊಂಡರೆ ಸಾಲದು, ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಬಳಿಯ ಸಣ್ಣ ಯಂತ್ರದೊಳಗೆ ತೂರಿಸಿ ಅದರ ಮೇಲೆ ಸಮಯದ ಮುದ್ರೆ ಒತ್ತಿಸಬೇಕು. ಮೊಬೈಲಿನಲ್ಲಿ ಕೊಂಡ ಪ್ರಾದೇಶಿಕ ಟಿಕೆಟ್ಟಿಗೆ ಅದೇ ಆ್ಯಪಿನಲ್ಲಿ ಚೆಕ್-ಇನ್ ಒತ್ತಬೇಕು. ಹಣ ಕೊಟ್ಟಿದ್ದೇವಲ್ಲ ಎಂಬ ವಾದವನ್ನು ಟಿಕೆಟ್ ತಪಾಸಣೆಯವರು ಕೇಳುವುದಿಲ್ಲ. ಈ ಮುದ್ರೆ ಒತ್ತುವ ಕೆಲಸವನ್ನು ಒಂದು ಮಗುವಿಗೆ ವಹಿಸಿಬಿಡಿ, ಮಕ್ಕಳು ಇಂಥದ್ದನ್ನು ಮರೆಯುವುದಿಲ್ಲ.

ಲುಕ್ಕಾ ನಿಲ್ದಾಣ ಕೋಟೆಯ ದಕ್ಷಿಣಕ್ಕೆ, ಗೋಡೆಯ ಎದುರಿಗೇ ಇದೆ. ಎರಡು ದಾರಿ. ನೇರ ಎದುರಿನ ಹುಲ್ಲುಬಯಲು ದಾಟಿ ಸಾನ್ ಕೊಲಂಬಾನೊ ಕೊತ್ತಲದ ಸುರಂಗದಂಥ ದಾರಿಯೊಳಗೆ ನುಗ್ಗಿದರೆ ಗೋಡೆಯ ಮೇಲಕ್ಕೇ ಬರುತ್ತೀರಿ. ನಡೆಯುವ ಮಕ್ಕಳಿಗೆ ಊರನ್ನು ಪರಿಚಯಿಸಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಆದರೆ ಅಲ್ಲಿ ಮೆಟ್ಟಿಲುಗಳಿವೆ. ಸೂಟ್‌ಕೇಸು, ತಳ್ಳುಗಾಡಿ ಇದ್ದವರು ಎಡಕ್ಕೆ ಹೊರಳಿ ಪೋರ್ತಾ ಸಾನ್ ಪಿಯೆತ್ರೊ ಹೆಬ್ಬಾಗಿಲಿನಿಂದ ಒಳಹೋಗಿ.

ಬಾಡಿಗೆ ಕಾರಿನಲ್ಲಿ ಬರುವವರು ಗೋಡೆಯ ಹೊರಗೇ ನಿಲ್ಲಿಸಿ. ಒಳಗಿನ ಬಹುಭಾಗಕ್ಕೆ ನಿವಾಸಿಗಳ ವಾಹನ ಬಿಟ್ಟರೆ ಪ್ರವೇಶವಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಊರಿಗೆ ಬರುತ್ತದೆ. ನಕ್ಷೆ ತೋರಿಸುವ ಆ್ಯಪು ಈ ಗಡಿಯನ್ನು ಸದಾ ಎಚ್ಚರಿಸುತ್ತದೆಂದು ನಂಬಬೇಡಿ.

ಗೋಡೆಯ ಮೇಲೆ ಸೈಕಲ್ಲು

ಬಾಡಿಗೆ ಸೈಕಲ್ಲಿನ ಅಂಗಡಿಗಳು ಉತ್ತರದ ಪಿಯಾತ್ಸಾ ಸಾಂತಾ ಮರಿಯಾ ಚೌಕದಲ್ಲಿ ಒತ್ತೊತ್ತಾಗಿವೆ. ಗೋಡೆ ಹತ್ತುವ ಇಳಿಜಾರು ದಾರಿಯೂ ಅಲ್ಲೇ ಪಕ್ಕದಲ್ಲಿ. ನಿಲ್ದಾಣದ ಕಡೆಯೂ ಬಾಡಿಗೆಗೆ ಸಿಗುತ್ತದೆ. ರಜೆಯ ದಿನಗಳಲ್ಲಿ ಮಕ್ಕಳ ಅಳತೆಯ ಸೈಕಲ್ಲುಗಳೇ ಮೊದಲು ಖಾಲಿಯಾಗುವುದು, ಆದ್ದರಿಂದ ಬೆಳಿಗ್ಗೆ ಹತ್ತರೊಳಗೆ ಅಂಗಡಿಯಲ್ಲಿರಿ.

ಮಗುವಿನ ವಯಸ್ಸಿಗೆ ತಕ್ಕಂತೆ ಆರಿಸಿ. ಕುತ್ತಿಗೆ ನಿಂತು ಭದ್ರವಾಗಿ ಕೂರಬಲ್ಲ ಮಗುವಿನಿಂದ ಹಿಡಿದು ಸುಮಾರು 22 ಕಿಲೋ ತೂಕದವರೆಗೆ ಹಿಂಬದಿಯ ಮಕ್ಕಳ ಆಸನ ನಡೆಯುತ್ತದೆ. ಅಂಗಡಿಯಲ್ಲಿ ‘ಸೆಜ್ಜೊಲೀನೊ’ ಎಂದು ಕೇಳಿ. ಇಬ್ಬರು ಚಿಕ್ಕವರಿದ್ದರೆ ಹಿಂದೆ ಎಳೆಯುವ ಗಾಡಿ ಮೇಲು, ಅದರಲ್ಲಿ ಮಕ್ಕಳು ನಿದ್ದೆಯನ್ನೂ ಮಾಡಿಬಿಡುತ್ತಾರೆ. ಆರೇಳು ವರ್ಷದ, ಇನ್ನೂ ನೆಚ್ಚಿಕೆಯಿಂದ ಸೈಕಲ್ ಹೊಡೆಯದ ಮಗುವನ್ನು ಬಾಡಿಗೆಯ ಹೊಸ ಸೈಕಲ್ಲಿನ ಮೇಲೆ ಕೂರಿಸಿ ಪರೀಕ್ಷೆ ಮಾಡಬೇಡಿ, ಇಬ್ಬರು ತುಳಿಯುವ ಟಾಂಡೆಮ್ ಕೊಡಿಸಿ. ಅಜ್ಜ ಅಜ್ಜಿ ಜೊತೆಗಿದ್ದರೆ ನಾಲ್ಕು ಚಕ್ರದ, ಮೇಲೆ ಚಾವಣಿಯಿರುವ ತುಳಿಯುವ ಗಾಡಿ ಸಿಗುತ್ತದೆ. ಎಲ್ಲರೂ ಒಟ್ಟಿಗೆ ಕೂರಬಹುದು, ಆದರೆ ಭಾರ ಜಾಸ್ತಿ. ಇಬ್ಬರು ದೊಡ್ಡವರಾದರೂ ತುಳಿಯಬೇಕು.

ಕೊಂಡ ಕೂಡಲೇ ಗೋಡೆ ಹತ್ತಬೇಡಿ. ಅಂಗಡಿಯ ಮುಂದೆ ಐದು ನಿಮಿಷ ಇವಿಷ್ಟನ್ನು ಮಾಡಿ:

1. ಆಸನದ ಎತ್ತರ: ಮಗು ಕೂತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗಲೇಬೇಕು. ಸ್ವಲ್ಪ ತಗ್ಗಾದರೂ ಪರವಾಗಿಲ್ಲ, ಎತ್ತರವಾಗಬಾರದು.

2. ಬ್ರೇಕು: ಯುರೋಪಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎಡಗೈಯ ಬ್ರೇಕು ಮುಂಚಕ್ರಕ್ಕೆ, ಬಲಗೈಯದು ಹಿಂಚಕ್ರಕ್ಕೆ. ನಮ್ಮ ಊರಿನ ಅಭ್ಯಾಸದಲ್ಲಿ ಹಿಂದಿನದೆಂದು ಎಡಗೈಯನ್ನು ಗಟ್ಟಿಯಾಗಿ ಒತ್ತಿದರೆ ಮುಂಚಕ್ರ ತಟ್ಟನೆ ನಿಂತು ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಒಂದೊಂದೇ ಬ್ರೇಕು ಹಿಡಿದು ಸೈಕಲ್ಲನ್ನು ತಳ್ಳಿ ನೋಡಿ, ಯಾವುದು ಯಾವ ಚಕ್ರಕ್ಕೆಂದು ಮಗುವಿನ ಬಾಯಿಂದಲೇ ಹೇಳಿಸಿ. ಕೆಲವು ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೂ ಬ್ರೇಕು ಹಿಡಿಯುತ್ತದೆ.

3. ಹೆಲ್ಮೆಟ್ಟು: ತಾವಾಗಿ ಕೊಡದಿದ್ದರೆ ‘ಕಾಸ್ಕೊ’ ಎಂದು ಕೇಳಿ ಪಡೆಯಿರಿ. ಗಲ್ಲದ ಪಟ್ಟಿಗೂ ಚರ್ಮಕ್ಕೂ ನಡುವೆ ಎರಡು ಬೆರಳಷ್ಟೇ ಜಾಗ ಇರಲಿ.

4. ಬೀಗ: ಕೊಟ್ಟ ಬೀಗವನ್ನು ಒಮ್ಮೆ ಹಾಕಿ ತೆಗೆದು ನೋಡಿ. ನಿಲ್ಲಿಸುವಾಗ ಚಕ್ರಕ್ಕಲ್ಲ, ಸೈಕಲ್ಲಿನ ಚೌಕಟ್ಟಿಗೆ ಸೇರಿಸಿ ಕಂಬಕ್ಕೆ ಬಿಗಿಯಿರಿ.

ಇನ್ನು ಯಾವ ದಿಕ್ಕಿಗೆ ಸುತ್ತುವುದು ಎಂಬ ಮಾತು. ಇಟಲಿಯಲ್ಲಿ ಬಲಬದಿಗೆ ಹೋಗಬೇಕು. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಅಂದರೆ ಊರು ಬಲಗೈಗೆ ಇರುವಂತೆ ಸುತ್ತಿದರೆ ಮಕ್ಕಳು ತಾವಾಗಿಯೇ ಗೋಡೆಯ ಒಳಬದಿಯಲ್ಲಿ ಇರುತ್ತಾರೆ. ಒಳಗಡೆ ಹೆಚ್ಚಿನ ಕಡೆ ಇರುವುದು ಹುಲ್ಲಿನ ಇಳಿಜಾರು. ಹೊರಗಡೆ ಮಾತ್ರ ನೇರ ಪ್ರಪಾತ, ಕೆಲವು ಕಡೆ ತಡೆಗೋಡೆ ತೀರ ತಗ್ಗು. ಪ್ರದಕ್ಷಿಣೆಯ ದಿಕ್ಕು ಎಂದರೆ ನಮ್ಮ ಮಕ್ಕಳಿಗೆ ಇನ್ನೊಮ್ಮೆ ಹೇಳಬೇಕಾಗಿಲ್ಲ.

ಈ ತಗ್ಗು ತಡೆಗೋಡೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊತ್ತಲಗಳ ಮೇಲಿನ ಹುಲ್ಲುಹಾಸು ಅಂಚಿನವರೆಗೂ ಚಾಚಿದ್ದು, ಓಡುವ ಮಗುವಿಗೆ ಅದು ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ. ಚೆಂಡಾಟ, ಮುಟ್ಟಾಟ ಏನಿದ್ದರೂ ಕೊತ್ತಲದ ನಡುವಿನಲ್ಲಿ ಅಥವಾ ಊರ ಕಡೆಯ ಅಂಚಿನಲ್ಲಿ ಇರಲಿ, ಹೊರ ಅಂಚಿನ ಕಡೆಗೆ ಒಬ್ಬರು ದೊಡ್ಡವರು ಕೂರಲಿ. ತಡೆಗೋಡೆಯ ಮೇಲೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವುದು ಬೇಡವೇ ಬೇಡ.

ನಿಲ್ಲದೆ ತುಳಿದರೆ ಒಂದು ಸುತ್ತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮಕ್ಕಳ ಜೊತೆ ಎರಡು ಗಂಟೆ ಇಟ್ಟುಕೊಳ್ಳಿ. ಪಿಯಾತ್ಸಾ ಸಾಂತಾ ಮರಿಯಾದಿಂದ ಹೊರಟರೆ ಮೊದಲು ಪೂರ್ವದ ಕೊತ್ತಲಗಳು, ಆಗ್ನೇಯ ಮೂಲೆಯಲ್ಲಿ ಗೋಡೆಯ ಒಳಮಗ್ಗುಲಿಗೇ ಸಸ್ಯೋದ್ಯಾನ, ದಕ್ಷಿಣಕ್ಕೆ ನಿಲ್ದಾಣದ ನೋಟ, ಕೊನೆಯಲ್ಲಿ ವಾಯವ್ಯದ ಬಳಿ ಪಲಾತ್ಸೊ ಫ್ಯಾನರ್ ಅರಮನೆಯ ತೋಟ. ಬಿಳಿ ಪ್ರತಿಮೆಗಳ ಸಾಲು, ನಡುವೆ ನೀರಿನ ಕೊಳ, ಕುಂಡದ ನಿಂಬೆಗಿಡಗಳು ಎಲ್ಲವೂ ಗೋಡೆಯ ಮೇಲಿನಿಂದ ಬಿಟ್ಟಿಯಾಗಿ ಕಾಣುತ್ತವೆ. ದಾರಿಯಲ್ಲಿ ಮಕ್ಕಳ ಜಾರುಬಂಡೆ, ಉಯ್ಯಾಲೆಗಳಿರುವ ಜಾಗಗಳೂ ಸಿಗುತ್ತವೆ.

ನಿಂತಾಗ ಹೇಳಲು ಎರಡು ವಿಷಯ. ಒಂದು, ಈ ಗೋಡೆ ಇಷ್ಟು ದಪ್ಪ ಏಕೆ? ಇದನ್ನು ಕಟ್ಟಿದ್ದು 16 ಮತ್ತು 17ನೇ ಶತಮಾನದಲ್ಲಿ, ಫಿರಂಗಿಯ ಕಾಲದಲ್ಲಿ. ತೆಳ್ಳಗೆ ಎತ್ತರಕ್ಕೆ ನಿಂತ ಹಳೆಯ ಕಲ್ಲುಗೋಡೆ ಗುಂಡಿಗೆ ಬಿರುಕುಬಿಟ್ಟು ಉರುಳುತ್ತದೆ. ಹೊರಗೆ ಇಟ್ಟಿಗೆ, ಒಳಗೆ ರಾಶಿ ಮಣ್ಣು ತುಂಬಿದರೆ ಗುಂಡು ಮಣ್ಣಿನಲ್ಲಿ ಹೂತುಹೋಗುತ್ತದೆ. ಕೊತ್ತಲಗಳು ಬಾಣದ ತುದಿಯಂತೆ ಹೊರಗೆ ಚಾಚಿರುವುದೂ ಸುಮ್ಮನಲ್ಲ. ಒಂದು ಕೊತ್ತಲದ ಮೇಲೆ ನಿಂತವನಿಗೆ ಪಕ್ಕದ ಗೋಡೆಯ ಬುಡ ಪೂರ್ತಿ ಕಾಣಬೇಕು, ಶತ್ರುವಿಗೆ ಅಡಗಲು ಮೂಲೆ ಸಿಗಬಾರದು. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ನೋಡುವುದು ಚೆಂದ. ಒಬ್ಬರು ಮಗುವನ್ನು ಕರೆದುಕೊಂಡು ಕೆಳಗಿನ ಹುಲ್ಲುಬಯಲಿಗೆ ಇಳಿದು ಗೋಡೆಯ ಬುಡದಲ್ಲಿ ಅಡಗಲಿ, ಇನ್ನೊಬ್ಬರು ಮೇಲಿನಿಂದ ಹುಡುಕಲಿ. ಸಿಕ್ಕಿಬೀಳದ ಜಾಗ ಸಿಗುವುದು ಕಷ್ಟ.

ಎರಡನೆಯದು, ಈ ಗೋಡೆ ಯಾವ ಸೇನೆಯ ಮುತ್ತಿಗೆಯನ್ನೂ ಎದುರಿಸಲಿಲ್ಲ. ಆದರೆ 1812ರಲ್ಲಿ ಸೆರ್ಕಿಯೊ ನದಿ ಉಕ್ಕಿ ಬಂದಾಗ ಹೆಬ್ಬಾಗಿಲುಗಳನ್ನು ಮುಚ್ಚಿ ಊರನ್ನು ಉಳಿಸಿದರು. ಸಂದಿಗಳಿಗೆ ಹಾಸಿಗೆಗಳನ್ನು ತುರುಕಿದರಂತೆ. ಆಗ ಊರನ್ನಾಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲಿಸಾ. ಹೊರಗೇ ಉಳಿದಿದ್ದ ಅವಳನ್ನು ಬಾಗಿಲು ತೆರೆಯಲಾಗದೆ ಯಂತ್ರದಿಂದ ಎತ್ತಿ ಗೋಡೆಯ ಮೇಲಕ್ಕೆ ತಂದರೆಂದು ಊರವರು ಹೇಳುತ್ತಾರೆ. ಮಕ್ಕಳು ಮರೆಯದ ಚಿತ್ರ ಇದು.

ಗೋಪುರ: ಒಂದೇ ಒಂದು

ಎರಡು ಗೋಪುರಗಳನ್ನು ಹತ್ತಬಹುದು. ಎರಡನ್ನೂ ಒಂದೇ ದಿನ ಹತ್ತಿಸಬೇಡಿ.

ತೊರ್ರೆ ಗ್ವಿನೀಜಿಯ ಎತ್ತರ ಸುಮಾರು 45 ಮೀಟರು, ಮೆಟ್ಟಿಲು ಸುಮಾರು 230. ಅದರ ನೆತ್ತಿಯ ಮೇಲೆ ಮರಗಳು ಬೆಳೆದಿವೆ, ಅದೂ ಓಕ್ ಜಾತಿಯ ನಿತ್ಯಹಸಿರು ಮರಗಳು. ಕೆಳಗಿನ ಬೀದಿಯಿಂದಲೇ ಎಷ್ಟು ಮರ ಇರಬಹುದೆಂದು ಮಕ್ಕಳಿಂದ ಊಹೆ ಬರೆಸಿಕೊಳ್ಳಿ. ಹತ್ತಿ ಎಣಿಸಿದಾಗ ಏಳು ಸಿಗುತ್ತವೆ. ಮೇಲಿನ ಭಾಗದಲ್ಲಿ ಮೆಟ್ಟಿಲು ಲೋಹದ್ದು, ಕಿರಿದು, ಕೆಳಗೆ ಇಣುಕಿದರೆ ಆಳ ಕಾಣುತ್ತದೆ. ಎತ್ತರಕ್ಕೆ ಹೆದರುವ ಮಗು ನಿಂತುಬಿಡುವುದು ಅಲ್ಲೇ. ಅಂಥ ಮಗುವಿನ ಹಿಂದೆ ಒಬ್ಬರು, ಮುಂದೆ ಒಬ್ಬರು ಇದ್ದು, ಕಣ್ಣು ಮುಂದಿನ ಮೆಟ್ಟಿಲಿನ ಮೇಲಷ್ಟೇ ಇಡಲು ಹೇಳಿ. ಬೇಡವೆಂದರೆ ಇಳಿದುಬಿಡಿ. ಮೂರು ವರ್ಷದೊಳಗಿನವರನ್ನು ಎತ್ತಿಕೊಂಡು ಹತ್ತುವುದು ಕಷ್ಟ, ಅದರಲ್ಲೂ ಬೆನ್ನಿಗೆ ಕಟ್ಟಿಕೊಂಡರೆ ಮಗುವಿನ ತಲೆ ಮೇಲಿನ ಕಿಂಡಿಗೆ ತಾಗುವ ಭಯ. ದೊಡ್ಡವರು ಸರದಿಯ ಮೇಲೆ ಹೋಗಿಬರಲಿ.

ಇನ್ನೊಂದು ತೊರ್ರೆ ದೆಲ್ಲೆ ಓರೆ, ಗಡಿಯಾರದ ಗೋಪುರ. ಮರದ ಮೆಟ್ಟಿಲು 207. ಯಂತ್ರಗಳ ಮೇಲೆ ಆಸೆಯಿರುವ ಮಗುವಿಗೆ ಇದೇ ಸರಿ, 18ನೇ ಶತಮಾನದ ಗಡಿಯಾರದ ಹಲ್ಲಿನ ಚಕ್ರಗಳನ್ನು ಹತ್ತಿರದಿಂದ ನೋಡಬಹುದು. ಇಲ್ಲಿಂದ ಗ್ವಿನೀಜಿಯ ತಲೆಮೇಲಿನ ಮರಗಳೂ ಕಾಣುತ್ತವೆ. ಇದರ ಸುತ್ತ ಲೂಚಿದಾ ಮಾನ್ಸಿಯ ಕಥೆ ಹೆಣೆದುಕೊಂಡಿದೆ. ಮೂವತ್ತು ವರ್ಷದ ಯೌವನಕ್ಕೆ ಪಿಶಾಚಿಗೆ ಆತ್ಮ ಮಾರಿದವಳು, ಗಡುವಿನ ರಾತ್ರಿ ಗಂಟೆ ಬಾರಿಸದಂತೆ ತಡೆಯಲು ಇದೇ ಮೆಟ್ಟಿಲು ಹತ್ತಿ ಓಡಿದಳಂತೆ. ಅವಳ ಸಾರೋಟು ಮುಳುಗಿತೆನ್ನುವ ಕೊಳ ಸಸ್ಯೋದ್ಯಾನದಲ್ಲಿದೆ, ನೀರಿನಲ್ಲಿ ಮುಖ ಅದ್ದಿದರೆ ಅವಳು ಕಾಣುತ್ತಾಳೆಂದು ಪ್ರತೀತಿ. ಎಂಟು ವರ್ಷದ ಮೇಲಿನವರಿಗೆ ಹೇಳಿ, ಚಿಕ್ಕವರಿಗೆ ರಾತ್ರಿ ನಿದ್ದೆ ಕೆಡುತ್ತದೆ. ಚಳಿಗಾಲದಲ್ಲಿ ಈ ಗೋಪುರ ಮುಚ್ಚಿರುತ್ತದೆ. ಗೋಪುರ ಮತ್ತು ಸಸ್ಯೋದ್ಯಾನಕ್ಕೆ ಸೇರಿಸಿ ಟಿಕೆಟ್ ಇದೆಯೇ ಎಂದು ಕೌಂಟರಿನಲ್ಲಿ ವಿಚಾರಿಸಿ.

ಕಲ್ಲಿನಲ್ಲಿ ಕೊರೆದ ಚಕ್ರವ್ಯೂಹ

ಸಾನ್ ಮಾರ್ತೀನೊ ಕೆಥೆಡ್ರಲ್‌ನ ಒಳಗೆ ಹೋಗಲು ಟಿಕೆಟ್ ಬೇಕು, ಮುಂಭಾಗದ ಮೊಗಸಾಲೆಗೆ ಬೇಡ. ಮಕ್ಕಳಿಗೆ ಬೇಕಾದ ವಸ್ತು ಇರುವುದು ಆ ಮೊಗಸಾಲೆಯಲ್ಲೇ. ಕಟ್ಟಡಕ್ಕೆ ಎದುರಾಗಿ ನಿಂತರೆ ಬಲತುದಿಯಲ್ಲಿ, ಗಂಟೆಗೋಪುರದ ಕಡೆಯ ಕಂಬದ ಮೇಲೆ, ಸುಮಾರು ಅರ್ಧ ಮೀಟರ್ ಅಗಲದ ವೃತ್ತಾಕಾರದ ಚಕ್ರವ್ಯೂಹವನ್ನು ಕೊರೆದಿದ್ದಾರೆ. ಪಕ್ಕದಲ್ಲಿ ಲ್ಯಾಟಿನ್ ಸಾಲುಗಳು: ಇದು ಗ್ರೀಕ್ ಪುರಾಣದಲ್ಲಿ ಕ್ರೀಟ್ ದ್ವೀಪದ ದೈದಲಸ್ ಕಟ್ಟಿದ ವ್ಯೂಹ, ಒಳಹೊಕ್ಕ ಯಾರೂ ಹೊರಬರಲಾಗಲಿಲ್ಲ, ಅರಿಯಾಡ್ನೆಯ ನೂಲಿನಿಂದ ಪಾರಾದ ಥೀಸಿಯಸ್ ಒಬ್ಬನ ಹೊರತು. ನಡುವಿನಲ್ಲಿ ಇದ್ದ ಥೀಸಿಯಸ್ಸನ ಚಿತ್ರ ಶತಮಾನಗಳ ಕಾಲ ಜನರ ಬೆರಳಾಡಿ ಸವೆದುಹೋಗಿದೆ ಎನ್ನುತ್ತಾರೆ.

ಕನ್ನಡದ ಮಕ್ಕಳಿಗೆ ಇಲ್ಲಿ ಬೇರೆಯವರಿಗಿಲ್ಲದ ಒಂದು ಬಾಗಿಲು ತೆರೆದಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲೂ ಚಕ್ರವ್ಯೂಹದ ಕೆತ್ತನೆಯಿದೆ, ಅಭಿಮನ್ಯು ಅದರೊಳಗೆ ನುಗ್ಗುವ ದೃಶ್ಯ. ಹೋಗುವ ಮುಂಚೆ ಅದರ ಫೋಟೋ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಕಂಬದ ಮುಂದೆ ನಿಂತು ಎರಡನ್ನೂ ಹೋಲಿಸಿ ನೋಡಲಿ. ಒಳಹೋಗುವ ವಿದ್ಯೆ ಮಾತ್ರ ಗೊತ್ತಿದ್ದ ಅಭಿಮನ್ಯು, ಹೊರಬರಲು ನೂಲು ಹಿಡಿದುಹೋದ ಥೀಸಿಯಸ್. ಇಬ್ಬರ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಸಮಯ ಕೊಡಿ.

ಕಲ್ಲನ್ನು ಮುಟ್ಟಿಸಬೇಡಿ, ಆಗಲೇ ಸಾಕಷ್ಟು ಸವೆದಿದೆ. ಬೆರಳನ್ನು ಗಾಳಿಯಲ್ಲಿ ಆಡಿಸುತ್ತಾ ದಾರಿ ಹಿಡಿಯಲಿ. ಈ ವ್ಯೂಹದಲ್ಲಿ ಕವಲುದಾರಿಯೇ ಇಲ್ಲ. ಎಷ್ಟು ಸುತ್ತಿದರೂ ಒಂದೇ ದಾರಿ ನಡುವಿಗೆ ಹೋಗುತ್ತದೆ, ತಾಳ್ಮೆಯಷ್ಟೇ ಬೇಕು.

ನಂತರ ಗೋಡೆಯ ಮೇಲಿನ ಹುಲ್ಲಿಗೆ ಮರಳಿ, ಮಕ್ಕಳು ತಾವೇ ಒಂದು ವ್ಯೂಹ ಬರೆಯಲಿ. ಲುಕ್ಕಾದ್ದು ಹನ್ನೊಂದು ಸುತ್ತಿನದು, ಬರೆಯಲು ಕಷ್ಟ. ಕ್ರೀಟಿನ ಹಳೆಯ ನಾಣ್ಯಗಳ ಮೇಲೆ ಕಾಣುವ ಏಳು ಸುತ್ತಿನ ಮಾದರಿಯನ್ನು ಎಂಟು ವರ್ಷದ ಮಗುವೂ ಬರೆಯಬಲ್ಲದು. ಎ4 ಹಾಳೆ, ಪೆನ್ಸಿಲು, ರಬ್ಬರು ಸಾಕು.

1. ಹಾಳೆಯನ್ನು ಉದ್ದವಾಗಿ ಹಿಡಿದು, ನಡುವಿಗಿಂತ ಸ್ವಲ್ಪ ಕೆಳಗೆ ಒಂದು ಕೂಡುವ ಚಿಹ್ನೆ ಬರೆಯಿರಿ, ಅಡ್ಡ 4 ಸೆಂ.ಮೀ., ಉದ್ದ 4 ಸೆಂ.ಮೀ.

2. ಅದರಿಂದಾದ ನಾಲ್ಕು ಮನೆಗಳಲ್ಲೂ ಒಂದೊಂದು ಮೊಳಕೈ ಗೆರೆ ಬರೆಯಿರಿ. ಮೊಳಕೈಯ ಮೂಲೆ ಕೂಡುವ ಚಿಹ್ನೆಯ ನಡುವಿನ ಕಡೆ ಇರಬೇಕು, ಎರಡು ತೋಳುಗಳು ಹೊರಕ್ಕೆ ಚಾಚಬೇಕು.

3. ನಾಲ್ಕು ಮನೆಗಳ ಹೊರಮೂಲೆಗೆ ಒಂದೊಂದು ಚುಕ್ಕೆ ಇಡಿ. ಈಗ ಸುತ್ತಲೂ ಒಟ್ಟು 16 ತುದಿಗಳು ಇರಬೇಕು: ಕೂಡುವ ಚಿಹ್ನೆಯವು ನಾಲ್ಕು, ಮೊಳಕೈಗಳವು ಎಂಟು, ಚುಕ್ಕೆ ನಾಲ್ಕು. ಎಣಿಸಿ ನೋಡಿ.

4. ಕೂಡುವ ಚಿಹ್ನೆಯ ಮೇಲಿನ ತುದಿಯಿಂದ ಅದರ ಬಲಪಕ್ಕದ ತುದಿಗೆ ಚಿಕ್ಕದೊಂದು ಕಮಾನು ಎಳೆಯಿರಿ.

5. ಮೊದಲ ಕಮಾನಿನ ಎಡಕ್ಕೆ ಇರುವ ತುದಿಯಿಂದ, ಆ ಕಮಾನಿನ ಮೇಲೆ ಹಾದು, ಬಲಕ್ಕೆ ಇನ್ನೂ ಖಾಲಿಯಿರುವ ಮುಂದಿನ ತುದಿಗೆ ಎರಡನೆಯ ಕಮಾನು. ಹೀಗೇ ಎಡದಲ್ಲಿ ಒಂದು, ಬಲದಲ್ಲಿ ಒಂದು ಎಂದು ಕೆಳಗಿಳಿಯುತ್ತಾ ಹೋಗಿ. ಎಂಟನೆಯ ಕಮಾನು ಎಡಗಡೆಯ ಕೊನೆಯ ತುದಿಯಿಂದ ಹೊರಟು ಎಲ್ಲವನ್ನೂ ಸುತ್ತಿಕೊಂಡು ಕೂಡುವ ಚಿಹ್ನೆಯ ಕೆಳತುದಿಯನ್ನು ಸೇರುತ್ತದೆ.

ತಪ್ಪುವುದು ಎರಡು ಕಡೆ. ಒಂದು ತುದಿಯನ್ನು ಬಿಟ್ಟು ಮುಂದಿನದಕ್ಕೆ ಹಾರಿದರೆ ಕೊನೆಯಲ್ಲಿ ಒಂಟಿ ತುದಿ ಉಳಿಯುತ್ತದೆ. ಆದ್ದರಿಂದ ಮುಗಿದ ತುದಿಗೆ ಸಣ್ಣ ಗುರುತು ಹಾಕುತ್ತಾ ಹೋಗಲಿ. ಮತ್ತೆ, ಕಮಾನುಗಳ ನಡುವಿನ ಅಂತರ ಒಂದೇ ಸೆಂಟಿಮೀಟರು ಇರಬೇಕು. ಮೊದಲಿನವನ್ನು ಅಗಲವಾಗಿ ಎಳೆದರೆ ಆರನೆಯದಕ್ಕೆ ಹಾಳೆ ಮುಗಿಯುತ್ತದೆ. ಕೋಟೆಯ ಇಟ್ಟಿಗೆ, ಕಲ್ಲುಗಳ ಮೇಲೆ ಸೀಮೆಸುಣ್ಣದಿಂದ ಬರೆಯುವುದು ಬೇಡ.

ಕೆಥೆಡ್ರಲ್ ಮುಂಭಾಗದಲ್ಲೇ ಇನ್ನೊಂದು ಹುಡುಕಾಟ: ಕಂಬಗಳಲ್ಲಿ ಒಂದರಂತೆ ಒಂದಿಲ್ಲ. ತಿರುಚಿದವು, ಗಂಟು ಹಾಕಿದಂತಿರುವವು, ಪ್ರಾಣಿಗಳಿರುವವು. ಮೂರು ಮೆಚ್ಚಿನ ಕಂಬ ಆರಿಸಿ ಬರೆಯಲಿ. ಟಿಕೆಟ್ ಕೊಂಡು ಒಳಗೆ ಹೋದರೆ ಶಿಲ್ಪಿ ಯಾಕೊಪೊ ದೆಲ್ಲಾ ಕ್ವೆರ್ಚಾ 15ನೇ ಶತಮಾನದ ಮೊದಲಲ್ಲಿ ಕೆತ್ತಿದ, ಊರನ್ನಾಳಿದ ಪಾವೊಲೊ ಗ್ವಿನೀಜಿಯ ಹೆಂಡತಿ ಇಲಾರಿಯಾಳ ಅಮೃತಶಿಲೆಯ ಸಮಾಧಿ ನೋಡಿ. ಎಳೆಯ ವಯಸ್ಸಿನಲ್ಲಿ ತೀರಿಹೋದ ಅವಳ ಪಾದದ ಬಳಿ ಒಂದು ಪುಟ್ಟ ನಾಯಿ ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತಿದೆ. ಇಡೀ ಊರಿನಲ್ಲಿ ಮಕ್ಕಳು ಸುಮ್ಮನೆ ನಿಂತು ನೋಡುವ ಶಿಲ್ಪ ಒಂದಿದ್ದರೆ ಇದೇ.

ಮೊಟ್ಟೆಯಾಕಾರದ ಚೌಕ

ಪಿಯಾತ್ಸಾ ಆಂಫಿತೆಯಾತ್ರೊಗೆ ಹೋದ ಕೂಡಲೇ ಒಳಗೆ ನುಗ್ಗಬೇಡಿ. ಮೊದಲು ಹೊರಗಿನ ಬೀದಿಯಲ್ಲಿ ಒಂದು ಸುತ್ತು ಹಾಕಿ. ಮನೆಗಳ ಗೋಡೆಗಳಲ್ಲಿ ಅಲ್ಲಲ್ಲಿ ಹಳೆಯ ರೋಮನ್ ಕಮಾನುಗಳು ಹುದುಗಿವೆ, ಎಷ್ಟು ಸಿಗುತ್ತವೆಂದು ಮಕ್ಕಳು ಎಣಿಸಲಿ. ಸುಮಾರು 2000 ವರ್ಷಗಳ ಹಿಂದೆ ಇಲ್ಲಿದ್ದ ರೋಮನ್ನರ ಬಯಲು ರಂಗಮಂದಿರದ ಕಲ್ಲುಗಳ ಮೇಲೆಯೇ ಮಧ್ಯಯುಗದಲ್ಲಿ ಮನೆಗಳನ್ನು ಕಟ್ಟಿಕೊಂಡರು. ನಡುವಿನ ಜಾಗವನ್ನು ತೆರವು ಮಾಡಿ ಚೌಕವಾಗಿಸಿದ್ದು 1830ರ ದಶಕದಲ್ಲಿ, ವಾಸ್ತುಶಿಲ್ಪಿ ಲೊರೆಂಜೊ ನೊತ್ತೊಲೀನಿ. ಆ ಕಾಲದ ನೆಲ ಇಂದಿನ ನೆಲಕ್ಕಿಂತ ಸುಮಾರು 3 ಮೀಟರ್ ಕೆಳಗಿದೆ. ನಾಲ್ಕು ಬಾಗಿಲುಗಳಲ್ಲಿ ಪೂರ್ವದ್ದು ಎಲ್ಲಕ್ಕಿಂತ ತಗ್ಗು, ಅದರಿಂದಲೇ ಒಳಹೋಗಿ. ಒಳಗಿನ ಹೋಟೆಲುಗಳಲ್ಲಿ ಕೂರುವ ಜಾಗಕ್ಕೇ ಹೆಚ್ಚು ಹಣ. ಮಕ್ಕಳಿಗೆ ಐಸ್‌ಕ್ರೀಮನ್ನು ಹೊರಗೆ ಕೊಡಿಸಿ, ಒಳಗೆ ಬಂದು ತಿನ್ನಲಿ.

ಉಳಿದವನ್ನು ಹಾದುಹೋಗುವಾಗ ನೋಡಿದರೆ ಸಾಕು. ಸಾನ್ ಮಿಕೇಲೆ ಚರ್ಚಿನ ಮುಂಗೋಡೆ ಅದರ ಹಿಂದಿನ ಮಾಡಿಗಿಂತ ಎಷ್ಟೋ ಎತ್ತರ, ಪಕ್ಕದಿಂದ ನೋಡಿದಾಗ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ. ಸಾನ್ ಫ್ರೆದಿಯಾನೊದಲ್ಲಿ ಸಂತ ಜೀತಾಳ ಒಣಗಿದ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಮೊದಲೇ ಹೇಳಿ ಕರೆದುಕೊಂಡು ಹೋಗಿ. ಸಂಗೀತ ಕಲಿಯುವ ಮಗುವಿದ್ದರೆ ಆಪೆರಾ ಸಂಗೀತಕಾರ ಪುಚ್ಚೀನಿ 1858ರಲ್ಲಿ ಹುಟ್ಟಿದ ಮನೆಯಲ್ಲಿ ಅವನ ಪಿಯಾನೋ ನೋಡಬಹುದು. ಇಲ್ಲದಿದ್ದರೆ ಬಿಡಿ.

ಊಟ

ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ 12.30ರಿಂದ ಸುಮಾರು 2.30ರವರೆಗೆ, ಮತ್ತೆ ಸಂಜೆ 7ರ ನಂತರ. ನಡುವೆ ಬಿಸಿ ಊಟ ಸಿಗುವುದು ಕಷ್ಟ. ಮಕ್ಕಳಿಗೆ ಹಸಿವಾಗುವುದು ಸರಿಯಾಗಿ ಐದೂವರೆಗೆ. ಈ ಹೊತ್ತಿಗೆ ತುಂಡು ಲೆಕ್ಕದಲ್ಲಿ ಪಿಜ್ಜಾ ಮಾರುವ ಅಂಗಡಿಗಳೇ ಆಸರೆ.

ಅಲ್ಲೇ ಕೇಳಿ ತಿನ್ನಬೇಕಾದದ್ದು ಚೆಚೀನಾ. ಕಾಬೂಲಿ ಕಡಲೆಯ ಹಿಟ್ಟು, ಅದರ ಮೂರರಷ್ಟು ನೀರು, ಉಪ್ಪು, ಆಲಿವ್ ಎಣ್ಣೆ. ಹಿಟ್ಟನ್ನು ಗಂಟೆಗಟ್ಟಲೆ ನೆನೆಯಲು ಬಿಟ್ಟು, ಅಗಲ ತಟ್ಟೆಯಲ್ಲಿ ತೆಳ್ಳಗೆ ಸುರಿದು, ಕಡುಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ. ಮೇಲೆ ಹೊಂಬಣ್ಣದ ಗರಿ, ಒಳಗೆ ಮೆತ್ತಗೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಒಣಗುತ್ತದೆ.

ಸಸ್ಯಾಹಾರಿಗಳು ಎಡವುವ ಜಾಗಗಳನ್ನು ಹೇಳಲೇಬೇಕು. ಊರಿನ ಹೆಮ್ಮೆಯ ತೊರ್ದೆಲ್ಲಿ ಎಂಬ ಹೂರಣ ತುಂಬಿದ ಪಾಸ್ತಾದಲ್ಲಿ ಹೂರಣವೂ ಮಾಂಸ, ಮೇಲಿನ ಗೊಜ್ಜೂ ಮಾಂಸ. ಫಾರ್ರೊ ಗೋಧಿಯ ಸೂಪು ನೋಡಲು ನಮ್ಮ ಹುಗ್ಗಿಯಂತಿದ್ದರೂ ಒಗ್ಗರಣೆಗೆ ಹಂದಿಕೊಬ್ಬು ಹಾಕುವುದುಂಟು. ತರಕಾರಿ ಸೂಪಿನ ನೀರು ಮಾಂಸದ ಸಾರಾಗಿರಬಹುದು, ‘ಬ್ರೋದೊ ದಿ ಕಾರ್ನೆ’ ಇದೆಯೇ ಎಂದು ಕೇಳಿ. ಕೆಲವು ರೊಟ್ಟಿಗಳಲ್ಲಿ ‘ಸ್ತ್ರುತ್ತೊ’ ಎಂಬ ಹಂದಿಕೊಬ್ಬು ಸೇರಿರುತ್ತದೆ. ಪಾರ್ಮಿಜಾನೊ ಚೀಸನ್ನು ಕರುವಿನ ಜಠರದ ಕಿಣ್ವದಿಂದ ಒಡೆಸುತ್ತಾರೆ, ಅದನ್ನು ಬಿಡುವವರು ಅದೇ ಚೀಸು ಬೀಳುವ ಪೆಸ್ಟೊ ಗೊಜ್ಜನ್ನೂ ಬಿಡಬೇಕು. ಮೊಟ್ಟೆ ತಿನ್ನದವರು ತಾಜಾ ಪಾಸ್ತಾದ ಬದಲು ‘ಪಾಸ್ತಾ ಸೆಕ್ಕಾ’ ಕೇಳಿ, ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ.

ಕೇಳುವ ವಾಕ್ಯ ಇಷ್ಟೇ: ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ವೋವಾ’, ಅಂದರೆ ಮಾಂಸ, ಮೀನು, ಮೊಟ್ಟೆ ಬೇಡ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು, ಸಾರು ಲೆಕ್ಕಕ್ಕೆ ಬರದೆ ಹೋಗಬಹುದು. ಮೆನುವಿನಲ್ಲಿ ಮಕ್ಕಳಿಗೆ ಹೊಂದುವುದು ಏನೂ ಇಲ್ಲವೆಂದರೂ ‘ಪಾಸ್ತಾ ಇನ್ ಬಿಯಾಂಕೊ’ ಕೇಳಬಹುದು, ಬೆಣ್ಣೆಯೋ ಆಲಿವ್ ಎಣ್ಣೆಯೋ ಹಾಕಿ ಕಲಸಿದ ಸಪ್ಪೆ ಪಾಸ್ತಾ. ಚೀಸಿಲ್ಲದ ಪಿಜ್ಜಾ ಬೇಕಾದರೆ ಮರಿನಾರಾ. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಮಾತ್ರ. ಐಸ್‌ಕ್ರೀಮಿನಲ್ಲಿ ‘ಕ್ರೇಮಾ’ ರುಚಿಗೆ ಮೊಟ್ಟೆಯ ಹಳದಿ ಹಾಕುತ್ತಾರೆ. ಹಣ್ಣಿನ ಸೊರ್ಬೆತ್ತೊಗಳು ಹೆಚ್ಚು ಸುರಕ್ಷಿತ. ಬಿಲ್ಲಿನಲ್ಲಿ ತಲೆಗಿಷ್ಟೆಂದು ‘ಕೊಪೆರ್ತೊ’ ಸೇರಿರುತ್ತದೆ, ಅದು ಮೋಸವಲ್ಲ, ಕೂತು ತಿನ್ನುವುದರ ಶುಲ್ಕ.

ಬುಚ್ಚೆಲ್ಲಾತೊ ಈ ಊರಿನ ಸಿಹಿ ಬ್ರೆಡ್ಡು, ಒಣದ್ರಾಕ್ಷಿ ಮತ್ತು ಸೋಂಪಿನದು. ಮೊಟ್ಟೆ ಹಾಕಿದೆಯೇ ಎಂದು ಕೇಳಿಕೊಂಡು ಒಂದು ಉದ್ದನೆಯದನ್ನು ಬೆಳಿಗ್ಗೆಯೇ ಕೊಂಡಿಟ್ಟರೆ ಗೋಡೆಯ ಮೇಲಿನ ಹಸಿವಿಗೆ ಆಗುತ್ತದೆ.

ನೀರು, ಶೌಚ

ಊರಿನ ಬೀದಿ ನಲ್ಲಿಗಳ ನೀರು ಕುಡಿಯಬಹುದು, ‘ನೊನ್ ಪೊತಾಬಿಲೆ’ ಎಂದು ಬರೆದಿದ್ದಲ್ಲಿ ಮಾತ್ರ ಬೇಡ. 19ನೇ ಶತಮಾನದಲ್ಲಿ ಬೆಟ್ಟದ ನೀರನ್ನು ಊರಿಗೆ ತರಲು ನೊತ್ತೊಲೀನಿಯೇ ರೂಪಿಸಿದ ಕಾಲುವೆಯ ನಾಲ್ಕುನೂರಕ್ಕೂ ಹೆಚ್ಚು ಕಮಾನುಗಳು ನಿಲ್ದಾಣದ ಆಚೆಗೆ ಸಾಲಾಗಿ ನಿಂತಿವೆ. ಸೈಕಲ್ಲು ಇಡೀ ದಿನಕ್ಕೆ ಇದ್ದರೆ, ಮಕ್ಕಳು ದೊಡ್ಡವರಾಗಿದ್ದರೆ ಅದರ ಪಕ್ಕದಲ್ಲೇ ಸ್ವಲ್ಪ ದೂರ ಹೋಗಿಬನ್ನಿ.

ಕಾಫಿ ಅಂಗಡಿಯ ಶೌಚಾಲಯ ಬಳಸಲು ಏನಾದರೂ ಕೊಳ್ಳುವುದು ರೂಢಿ. ನೀರಿನ ಪೈಪು ಇರುವುದಿಲ್ಲ, ಚೀಲದಲ್ಲಿ ಒಂದು ಖಾಲಿ ಬಾಟಲಿ ಇರಲಿ. ಕೋಣೆಗಳಲ್ಲಿ ಕಮೋಡಿನ ಪಕ್ಕ ಕಾಣುವ ತಗ್ಗಿನ ತೊಟ್ಟಿಗೆ ‘ಬಿದೆ’ ಎನ್ನುತ್ತಾರೆ, ಅದು ತೊಳೆದುಕೊಳ್ಳಲೆಂದೇ ಇರುವುದು. ಔಷಧಿ ಅಂಗಡಿಗೆ ಹಸಿರು ಶಿಲುಬೆಯ ಗುರುತು. ತುರ್ತಿಗೆ 112.

ಎರಡನೆಯ ದಿನ

ಆರು ವರ್ಷದ ಆಸುಪಾಸಿನ ಮಕ್ಕಳಿದ್ದರೆ ಸುಮಾರು 15 ಕಿಲೋಮೀಟರ್ ದೂರದ ಕೊಲ್ಲೋದಿ. ಮರದ ಬೊಂಬೆ ಹುಡುಗ ಪಿನೋಕಿಯೊನ ಕಥೆ ಬರೆದವನ ತಾಯಿಯ ಊರದು, ಅವನ ಕಾವ್ಯನಾಮವೂ ಅದೇ. 1956ರಲ್ಲಿ ತೆರೆದ ಪಿನೋಕಿಯೊ ಉದ್ಯಾನದಲ್ಲಿ ಮೊಸಾಯಿಕ್ಕಿನ ಅಂಗಳ, ಕಥೆಯ ಪಾತ್ರಗಳ ಪ್ರತಿಮೆಗಳ ದಾರಿ ಇವೆ. ತಿರುಗುವ ಯಂತ್ರಗಳ ಥೀಮ್ ಪಾರ್ಕನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗುತ್ತದೆ. ಕಥೆಯನ್ನು ಮುಂಚೆಯೇ ಓದಿ ಹೇಳಿದ್ದರೆ ಮಾತ್ರ ಹೋಗಿ. ಬಸ್ಸುಗಳು ವಿರಳ, ಭಾನುವಾರ ಇನ್ನೂ ಕಡಿಮೆ, ವಾಪಸು ಬಸ್ಸಿನ ಸಮಯ ನೋಡಿಕೊಂಡೇ ಹೊರಡಿ.

ಎಂಟು ದಾಟಿದವರಿದ್ದರೆ ಪೀಸಾ. ವಾಲುಗೋಪುರಕ್ಕೆ 8 ವರ್ಷದೊಳಗಿನವರನ್ನು ಹತ್ತಲು ಬಿಡುವುದೇ ಇಲ್ಲ, ದೊಡ್ಡವರು ಎತ್ತಿಕೊಂಡರೂ ಇಲ್ಲ. ಟಿಕೆಟ್ಟಿನಲ್ಲಿ ನಮೂದಿಸಿದ ಸಮಯಕ್ಕೆ ಸರಿಯಾಗಿ ಹೋಗಬೇಕು, ಚೀಲಗಳನ್ನು ಮೊದಲೇ ಕೊಟ್ಟು ಹೋಗಬೇಕು. ಲುಕ್ಕಾದಿಂದ ಹೋಗುವಾಗ ಪೀಸಾದ ಮುಖ್ಯ ನಿಲ್ದಾಣದವರೆಗೆ ಹೋಗದೆ ಅದಕ್ಕೆ ಮುಂಚಿನ ಪೀಸಾ ಸಾನ್ ರೊಸ್ಸೋರೆಯಲ್ಲಿ ಇಳಿಯಿರಿ. ಗೋಪುರ ಅಲ್ಲಿಂದ ಹತ್ತು ನಿಮಿಷದ ನಡಿಗೆಯೊಳಗೇ ಇದೆ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ಹತ್ತುವ ಮುಂಚೆ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ.